ತೆಂಗಿನ ಸೀಮೆಯ ವೃದ್ಧರೂ ವಾರ್ತಾಸಾಧನಗಳೂ

೧

ತುಮಕೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲೂಕುಗಳು ತೆಂಗಿನ ಸೀಮೆಯೆಂದು ಪ್ರಸಿದ್ಧವಾಗಿವೆ. ಸಮುದ್ರತೀರದಿಂದ ಬಹುದೂರದಲ್ಲಿದ್ದು, ಮಳೆಯು ಮಿತವಾಗಿಯೇ ಬೀಳುವ ಈ ಬಯಲುನಾಡಿನಲ್ಲಿ ತೆಂಗು ಬೇರೂರಿರುವುದು ಕೆರೆಗಳ ಮತ್ತು ಬಾವಿಗಳ ಆಶ್ರಯದಿಂದ. ಇಲ್ಲಿಯ ಮುಖ್ಯವಾದ ಸರಕು ಉಂಡೆ ಕೊಬ್ಬರಿ. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಇರಿಸಿದರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಾಯಿ ಪಕ್ವವಾಯಿತೋ ಇಲ್ಲವೋ ಎಂಬುದನ್ನು ಅನುಭವಸ್ಥರು ಅದನ್ನು ಅಲ್ಲಾಡಿಸಿ, ಒಳಗಿನ ಶಬ್ದದಿಂದಲೇ ನಿರ್ಣಯಿಸುತ್ತಾರೆ. ಈ ಕೊಬ್ಬರಿಯು ಉತ್ತರಹಿಂದೂಸ್ಥಾನದ ಪೇಟೆಗಳಿಗೆ ಹೋಗಿ, ಅಲ್ಲಿಯ ಪೂಜೆ, ಮದುವೆ, ಸಿಹಿ ಭಕ್ಷ್ಯಗಳಿಗೆ ಒದಗುತ್ತದೆ. ಆದಕಾರಣ ದೂರದ ಊರಿನ ವರ್ತಮಾನವನ್ನು ತಿಳಿಯಬೇಕಾದ ಅಗತ್ಯವು ಇಲ್ಲಿಯ ಒಕ್ಕಲಿಗೆ ಇಂದು ನಿನ್ನೆಯದಲ್ಲ.

ಈಗ ಈ ಸೀಮೆಯ ಅನೇಕ ಮನೆಗಳಲ್ಲಿ ಮಕ್ಕಳು ಸುಮಾರು ೧೪೦ ಕಿಲೋಮೀಟರು ದೂರದ ಬೆಂಗಳೂರಿನಲ್ಲಿದ್ದಾರೆ. ತೋಟವನ್ನು ನೋಡಿಕೊಂಡಿರುವವರು ವೃದ್ಧರು. ಕೊಬ್ಬರಿಯ ಧಾರಣೆ, ಜಮೀನಿನ ಪಹಣಿ, ಮಾಸಾಶನ, ಮೊಮ್ಮಕ್ಕಳ ಮಾತು, ಇವೆಲ್ಲವೂ ಅಂಗೈಯಗಲದ ಒಂದು ಯಂತ್ರದ ಮೂಲಕವೇ ಅವರಿಗೆ ಬರತಕ್ಕವಾಗಿವೆ. ಹೀಗಿದ್ದರೂ ವೃದ್ಧರು ಆ ಯಂತ್ರವನ್ನು ಮುಟ್ಟಲು ಹಿಂಜರಿಯುತ್ತಾರೆಂದೂ, ಹೊಸದನ್ನು ಕಲಿಯುವ ಶಕ್ತಿಯು ವಯಸ್ಸಿನೊಡನೆ ಕುಗ್ಗುವುದೇ ಇದಕ್ಕೆ ಕಾರಣವೆಂದೂ ಲೋಕದಲ್ಲಿ ಹೇಳುವುದುಂಟು. ಈ ಹೇಳಿಕೆಯು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದು ವಿಚಾರಾರ್ಹವಾಗಿದೆ. ಈ ನಾಡಿಗೆ ಒಂದರ ಹಿಂದೆ ಒಂದರಂತೆ ಬಂದ ವಾರ್ತಾಸಾಧನಗಳ ಚರಿತ್ರೆಯನ್ನು ಪರಿಶೀಲಿಸಿದರೆ, ವೃದ್ಧರು ಯಾವ ಸಾಧನವನ್ನೂ ಬೇಡವೆಂದು ದೂರವಿಟ್ಟವರಲ್ಲವೆಂಬುದೂ, ಈಗಿನ ಸಾಧನವು ಹಿಂದಿನವುಗಳಿಂದ ಒಂದು ಮುಖ್ಯಾಂಶದಲ್ಲಿ ಭಿನ್ನವಾಗಿರುವುದೆಂಬುದೂ ಗೋಚರವಾಗುತ್ತದೆ. ಆ ಭೇದವನ್ನು ಗುರುತಿಸದೆ ಮಾಡುವ ಪ್ರೋತ್ಸಾಹವು ಫಲಿಸಲಾರದು.

೨

ಬರೆಹವನ್ನು ಬಲ್ಲವರು ಸ್ವಲ್ಪವಾಗಿಯೂ, ಬರೆಹದಿಂದ ಬಾಧಿತರಾಗತಕ್ಕವರು ಬಹಳವಾಗಿಯೂ ಇದ್ದ ಕಾಲದಲ್ಲಿ, ಓದು ಬಾರದವನಿಗೆ ರಕ್ಷಣೆ ಏನು ಎಂಬ ಪ್ರಶ್ನೆಯನ್ನು ಧರ್ಮಶಾಸ್ತ್ರಕಾರರು ಎತ್ತಿಕೊಂಡಿದ್ದಾರೆ. ಚಾಳುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ, ಲೇಖ್ಯಪ್ರಕರಣವನ್ನು ವಿವರಿಸುತ್ತ, ನಾರದನ ಅಭಿಪ್ರಾಯವನ್ನು ಆಧಾರವಾಗಿ ಕೊಟ್ಟಿದ್ದಾನೆ. ಅದರ ತಾತ್ಪರ್ಯವೇನೆಂದರೆ: ಸಾಲಗಾರನು ಅಲಿಪಿಜ್ಞನಾಗಿದ್ದರೆ, ಎಂದರೆ ಅಕ್ಷರವನ್ನು ಅರಿಯದವನಾಗಿದ್ದರೆ, ತನ್ನ ಸಮ್ಮತಿಯನ್ನು ಮತ್ತೊಬ್ಬನಿಂದ ಬರೆಯಿಸಬಹುದು, ಸಾಕ್ಷಿಯೇ ಅಲಿಪಿಜ್ಞನಾಗಿದ್ದರೆ ಅವನು ಮತ್ತೊಬ್ಬ ಸಾಕ್ಷಿಯಿಂದ ಬರೆಯಿಸಬೇಕು, ಆದರೆ ಅದು ಎಲ್ಲ ಸಾಕ್ಷಿಗಳ ಸಮಕ್ಷಮದಲ್ಲಿ ನಡೆಯತಕ್ಕದ್ದು. ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಅಕ್ಷರವಿಲ್ಲದವನನ್ನು ಶಾಸ್ತ್ರವು ವ್ಯವಹಾರದಿಂದ ಹೊರಗೆ ಹಾಕಲಿಲ್ಲ. ಮತ್ತು ಅವನಿಗೆ ಶಾಸ್ತ್ರವು ಕೊಟ್ಟ ರಕ್ಷಣೆಯು ಗೋಪ್ಯವಲ್ಲ, ಪ್ರಕಾಶ: ನಾಲ್ಕು ಜನರು ಕಂಡುದೇ ಅವನ ಬಲ.

ಈ ಕ್ರಮವು ಗ್ರಂಥದಲ್ಲಿ ಮಾತ್ರ ಉಳಿದುದಲ್ಲ. ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಹನ್ನೆರಡನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳನ್ನು ಒಳಗೊಂಡಿದೆ. ತಿಪಟೂರು ತಾಲೂಕಿನ ಅರಳಗುಪ್ಪೆ, ವಿಘ್ನಸಂತೆ, ಹಾಗೂ ತುರುವೇಕೆರೆ ಮೊದಲಾದ ಸ್ಥಳಗಳ ಪ್ರಾಚೀನ ದೇವಾಲಯಗಳನ್ನು ನೋಡಿದವರಿಗೆ, ಕಲ್ಲಿನ ಮೇಲಿನ ಬರೆಹವು ಜನರು ನಡೆದಾಡುವ ಎಡೆಯಲ್ಲಿಯೇ ನಿಲ್ಲುತ್ತಿದ್ದಿತೆಂಬುದು ತಿಳಿದೇ ಇದೆ. ಅದನ್ನು ಓದಬಲ್ಲವರು ಕೆಲವರು. ಆದರೆ ಓದಿ ಹೇಳಿದುದನ್ನು ಕೇಳಿದವರು ಊರೆಲ್ಲ. ದತ್ತಿ ಇಂಥದು, ಎಲ್ಲೆ ಇಂಥದು ಎಂಬುದು ಬಹಿರಂಗವಾದುದರಿಂದ, ಓದು ಬಾರದ ಮುದುಕನೂ ಅದಕ್ಕೆ ಸಾಕ್ಷಿಯಾಗಿರುತ್ತಿದ್ದನು. ಶಾಸನಗಳಲ್ಲಿ ಸೇನಬೋವನೆಂದು ಕಾಣಿಸಿಕೊಳ್ಳುವ ಲೆಕ್ಕಿಗನೇ ಮುಂದೆ ಶಾನುಭೋಗನಾದನು. ಊರಿನ ಜಮೀನಿನ ಲೆಕ್ಕವು ಅವನ ಕಡತದಲ್ಲಿದ್ದರೂ, ಯಾವ ಗದ್ದೆ ಯಾರದೆಂಬುದು ಹಿರಿಯರ ನಾಲಗೆಯ ಮೇಲೂ ಇದ್ದಿತು. ಕಡತವು ತಪ್ಪಿದರೆ ನಾಲಗೆಯು ತಿದ್ದುತ್ತಿದ್ದಿತು. ಎಲ್ಲ ಕಾಲದಲ್ಲಿಯೂ ಅಲ್ಲದಿದ್ದರೂ, ತಿದ್ದುವುದಕ್ಕೆ ಅವಕಾಶವಂತೂ ಇದ್ದಿತು.

ಗಮಕ ಪದ್ಧತಿಯೂ ಇದೇ ಜಾತಿಯದು. ಒಬ್ಬನು ಕಾವ್ಯವನ್ನು ರಾಗವಾಗಿ ವಾಚಿಸುವನು, ಇನ್ನೊಬ್ಬನು ಅರ್ಥ ಹೇಳುವನು. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಒಂದಕ್ಷರವೂ ಬಾರದ ಒಕ್ಕಲಿಗರು ಬಾಯಿಪಾಠವಾಗಿ ಬಲ್ಲವರಾಗಿದ್ದುದು ಹೀಗೆಯೇ. ಅಕ್ಷರಜ್ಞಾನದ ಅಭಾವವು ಜ್ಞಾನದ ಅಭಾವವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಾಗಿಲ್ಲ.

೩

ಮೈಸೂರು ಸೀಮೆಯಲ್ಲಿ ಅಂಚೆಯ ಏರ್ಪಾಡನ್ನು ಚಿಕ್ಕದೇವರಾಜ ಒಡೆಯರು ೧೬೭೨ರಲ್ಲಿ ಆರಂಭಿಸಿದರೆಂದು ಪ್ರತೀತಿಯಿದೆ. ಮೊದಲಿಗೆ ಅದು ಪ್ರಜೆಗಳ ಓಲೆಗಾಗಿ ಹುಟ್ಟಿದುದಲ್ಲ. ಅರಮನೆಯ ಕಾಗದಗಳನ್ನು ಒಯ್ಯುವುದೂ, ಸೀಮೆಯಲ್ಲಿ ನಡೆಯುವ ಸಂಗತಿಗಳನ್ನು ಗುಟ್ಟಾಗಿ ರಾಜರಿಗೆ ತಿಳಿಸುವುದೂ ಅದರ ಕೆಲಸವಾಗಿದ್ದಿತು. ಆ ಸಾಧನವು ಕ್ರಮೇಣ ಪ್ರಜೆಗಳ ಬಳಕೆಗೂ ಬಂದು, ೧೮೮೯ರಲ್ಲಿ ಭಾರತ ಸರ್ಕಾರದ ಟಪ್ಪಾಲು ಇಲಾಖೆಯೊಡನೆ ಐಕ್ಯವಾಯಿತು. ಅದೇ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮಾರ್ಗವಾಗಿ ಹರಿಹರದವರೆಗೆ ರೈಲುಹಾದಿಯು ಸಿದ್ಧವಾಯಿತು. ತಿಪಟೂರಿನಲ್ಲಿ ನಿಲ್ದಾಣವಾದುದು ಆ ಊರಿನ ಭಾಗ್ಯಕ್ಕೆ ಕಾರಣವಾಯಿತು. ತುರುವೇಕೆರೆಯ ಕಡೆಯವರಿಗೆ ಬಾಣಸಂದ್ರವು ಸಮೀಪದ ನಿಲ್ದಾಣವಾಯಿತು. ಕೊಬ್ಬರಿಯು ಹೊರಗೆ ಹೋದ ಹಾದಿಯಲ್ಲಿಯೇ ಕಾಗದವೂ ತಂತಿಯೂ ಒಳಗೆ ಬಂದವು.

ಭಾರತದಲ್ಲಿ ಕಾಲಾಣೆಯ ಅಂಚೆ ಕಾರ್ಡು ಹೊರಟುದು ೧೮೭೯ರಲ್ಲಿ. ಟಪ್ಪಾಲಿನ ಮೂಲಕ ಮನಿಯಾರ್ಡರು ಬಂದುದು ೧೮೮೦ರಲ್ಲಿ. ಇವೆರಡೂ ಹಳ್ಳಿಯ ವೃದ್ಧರ ಮಟ್ಟಿಗೆ ಬಹು ದೊಡ್ಡ ಸಂಗತಿಗಳು. ಕಾರ್ಡು ತೆರೆದ ಪತ್ರ, ಅದರಲ್ಲಿ ಗುಟ್ಟಿಲ್ಲ. ತಂದವನೇ ಓದಿ ಹೇಳಬಹುದು, ಜಗಲಿಯ ಮೇಲೆ ಕುಳಿತವರು ಕೇಳಬಹುದು. ಮನಿಯಾರ್ಡರಿನ ವಿಷಯವು ಇನ್ನೂ ಸೂಕ್ಷ್ಮವಾದುದು. ಹಣವನ್ನು ಪಡೆಯುವವರು ಅಕ್ಷರವನ್ನು ಅರಿಯದವರಾಗಿದ್ದರೆ ಹೆಬ್ಬೆಟ್ಟಿನ ಗುರುತನ್ನು ಒತ್ತಬೇಕು. ಆ ಗುರುತಿಗೆ ಗೊತ್ತಾದ ಮನುಷ್ಯನೊಬ್ಬನು ಸಾಕ್ಷಿ ಹಾಕಬೇಕು. ಟಪ್ಪಾಲಿನವರು ಮಿತಾಕ್ಷರೆಯನ್ನು ನೋಡಿ ಈ ನಿಬಂಧನೆಯನ್ನು ಮಾಡಿದರೆಂದು ಹೇಳುವುದು ಸಾಹಸವಾದೀತು. ಆದರೂ ಅಲಿಪಿಜ್ಞನ ರಕ್ಷಣೆಗೆ ನಾರದನು ಹೇಳಿದ ಉಪಾಯವೂ, ಟಪ್ಪಾಲಿನವರು ಕಂಡುಕೊಂಡ ಉಪಾಯವೂ ಒಂದೇ ಆಗಿರುವುದು ಸತ್ಯ: ಮತ್ತೊಬ್ಬನ ಸಮಕ್ಷಮ. ಈ ಕಾರಣದಿಂದ ಓದು ಬಾರದ ವಿಧವೆಯೂ ದೂರದ ಮಗನ ಹಣವನ್ನು ಭಯವಿಲ್ಲದೆ ಬಾಗಿಲಲ್ಲಿ ನಿಂತು ಪಡೆಯುತ್ತಿದ್ದಳು. ಅಂಚೆಯವನು ಅವಳಿಗೆ ಬರಿಯ ನೌಕರನಲ್ಲ. ಸಾಧನಕ್ಕೂ ಅವಳಿಗೂ ನಡುವೆ ನಿಂತ ವಾಚಕನು.

ತಂತಿಯು ಇದಕ್ಕೆ ಭಿನ್ನವಾಗಿದ್ದಿತು. ಅದು ಸಾಮಾನ್ಯವಾಗಿ ಸಾವು ನೋವುಗಳ ವರ್ತಮಾನವನ್ನೇ ತರುತ್ತಿದ್ದುದರಿಂದ, ತಂತಿ ಬಂದಿತೆಂದರೆ ಓದುವುದಕ್ಕೆ ಮೊದಲೇ ಮನೆಯಲ್ಲಿ ಅಳು ಏಳುತ್ತಿದ್ದಿತು. ಭಾರತದಲ್ಲಿ ತಂತಿಯ ಸೇವೆಯು ೨೦೧೩ರ ಜುಲೈ ತಿಂಗಳಲ್ಲಿ ಮುಕ್ತಾಯವಾಯಿತು. ಅದನ್ನು ವೃದ್ಧರು ಹೆದರಿ ನೋಡಿದುದಕ್ಕೆ ಕಾರಣವು ಅವರ ಜಡತೆಯಲ್ಲ, ಅದು ತಂದ ವರ್ತಮಾನದ ಸ್ವಭಾವ. ಸಾಧನವು ಯಾವುದನ್ನು ಮೊದಲು ಮನೆಗೆ ತರುತ್ತದೆಯೋ, ಅದರಿಂದಲೇ ಸಾಧನದ ಮೇಲೆ ಪ್ರೀತಿಯಾಗಲಿ ಭೀತಿಯಾಗಲಿ ಹುಟ್ಟುವುದೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

೪

ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಸಂದಿತು. ೧೯೫೫ರಲ್ಲಿ ಬೆಂಗಳೂರಿನ ನಿಲಯವು ಆರಂಭವಾಯಿತು. ರೇಡಿಯೋವು ಕಣ್ಣನ್ನು ಬೇಡಲಿಲ್ಲ, ಕಿವಿಯನ್ನು ಬೇಡಿತು. ಅಕ್ಷರವನ್ನು ಬೇಡಲಿಲ್ಲ, ಭಾಷೆಯನ್ನು ಬೇಡಿತು. ಗಮಕವನ್ನು ಕೇಳಿ ಬೆಳೆದ ಮುದುಕರಿಗೆ ಅದು ಅಪರಿಚಿತವೆಂದು ತೋರಲಿಲ್ಲ. ಅಂಗಡಿಯ ಮುಂದೆಯೋ, ಪಂಚಾಯಿತಿಯ ಕಟ್ಟೆಯ ಮೇಲೆಯೋ ಹತ್ತು ಜನರು ಕೂಡಿ ಕೇಳಿ, ಕೇಳಿದುದನ್ನು ಚರ್ಚಿಸಿ, ಒಪ್ಪುವುದನ್ನು ಒಪ್ಪಿ, ಒಪ್ಪದುದನ್ನು ಬಿಟ್ಟರು. ಹೊಸ ಸಾಧನವು ವೃದ್ಧರಿಗೆ ಹೊಂದದೆಂಬ ಮಾತು ರೇಡಿಯೋವಿನ ಚರಿತ್ರೆಯಲ್ಲಿ ಸಂಪೂರ್ಣವಾಗಿ ಸುಳ್ಳಾಗಿದೆ.

ದೂರವಾಣಿಯು ಹಳ್ಳಿಗಳಿಗೆ ಬಂದುದು ತಡವಾಗಿ. ೧೯೮೪ರಲ್ಲಿ ಸ್ಥಾಪಿತವಾದ ಸಿ–ಡಾಟ್ ಸಂಸ್ಥೆಯು ಗ್ರಾಮಾಂತರಕ್ಕೆಂದು ರೂಪಿಸಿದ ಸ್ವಯಂಚಾಲಿತ ವಿನಿಮಯ ಕೇಂದ್ರವು ಮೊತ್ತಮೊದಲು ಪ್ರತಿಷ್ಠಿತವಾದುದು ಕರ್ನಾಟಕದ ಕಿತ್ತೂರಿನಲ್ಲಿ, ೧೯೮೬ರಲ್ಲಿ. ಹಳ್ಳಿಯ ಬಿಸಿಲು ಧೂಳುಗಳನ್ನು ತಾಳಿಕೊಂಡು, ಶೀತಲಯಂತ್ರದ ನೆರವಿಲ್ಲದೆ ನಡೆಯುವುದು ಅದರ ವಿಶೇಷವಾಗಿದ್ದಿತು. ಇದಾದ ಕೆಲವು ವರ್ಷಗಳಲ್ಲಿ ಹಳದಿಯ ಫಲಕವನ್ನು ಹೊತ್ತ ಎಸ್‌ಟಿಡಿ ಅಂಗಡಿಗಳು ಊರೂರಿಗೂ ಹರಡಿದವು. ವೃದ್ಧನು ಚೀಟಿಯಲ್ಲಿ ಬರೆಯಿಸಿಕೊಂಡು ಬಂದ ಸಂಖ್ಯೆಯನ್ನು ಅಂಗಡಿಯವನು ಒತ್ತಿಕೊಡುವನು, ವೃದ್ಧನು ಮಾತನಾಡುವನು, ಯಂತ್ರವು ತೋರಿಸಿದಷ್ಟು ಹಣವನ್ನು ಕೊಡುವನು. ಇಲ್ಲಿಯೂ ನಡುವೆ ಒಬ್ಬ ಮನುಷ್ಯನಿದ್ದನು. ೧೯೯೫ರಲ್ಲಿ ಭಾರತದಲ್ಲಿ ಮೊಬೈಲು ದೂರವಾಣಿಯ ಮೊದಲ ಸಂಭಾಷಣೆಯು ನಡೆದು, ಮುಂದಿನ ಹದಿನೈದು ವರ್ಷಗಳಲ್ಲಿ ಅದು ತೋಟದ ಮನೆಗೂ ಬಂದಾಗ, ಎಸ್‌ಟಿಡಿ ಅಂಗಡಿಗಳು ಮುಚ್ಚಿದವು. ಅವುಗಳೊಡನೆ ಸಂಖ್ಯೆಯನ್ನು ಒತ್ತಿಕೊಡುತ್ತಿದ್ದವನೂ ಮರೆಯಾದನು. ಆಗ ಅದು ದೊಡ್ಡ ನಷ್ಟವೆಂದು ಯಾರಿಗೂ ತೋರಲಿಲ್ಲ.

೫

ಜಮೀನಿನ ಲೆಕ್ಕಕ್ಕೂ ಪೇಟೆಯ ಧಾರಣೆಗೂ ಇದೇ ಕಾಲದಲ್ಲಿ ಯಂತ್ರವು ಪ್ರವೇಶಿಸಿತು. ೧೯೬೧ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮಾಧಿಕಾರವು ರದ್ದಾಗಿ, ಶಾನುಭೋಗರ ಸ್ಥಾನಕ್ಕೆ ಸರ್ಕಾರದ ಗ್ರಾಮಲೆಕ್ಕಿಗರು ಬಂದಿದ್ದರು. ‘ಭೂಮಿ’ ಯೋಜನೆಯು ೨೦೦೦–೨೦೦೨ರ ಸುಮಾರಿಗೆ ರಾಜ್ಯದ ತಾಲೂಕು ಕೇಂದ್ರಗಳಲ್ಲೆಲ್ಲ ನೆಲೆಗೊಂಡು, ಸುಮಾರು ೬೭ ಲಕ್ಷ ಒಕ್ಕಲುಗಳಿಗೆ ಸೇರಿದ ೨ ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕೈಬರೆಹದ ಪಹಣಿಯು ಅಸಿಂಧುವಾಯಿತು. ಹದಿನೈದು ರೂಪಾಯಿ ಕೊಟ್ಟವನಿಗೆ ಕೂಡಲೆ ಅಚ್ಚಾದ ಪಹಣಿ ಸಿಕ್ಕುವಂತಾದುದು ಸಾಮಾನ್ಯವಾದ ಉಪಕಾರವಲ್ಲ. ಲೆಕ್ಕಿಗನ ಮನೆಯ ಬಾಗಿಲನ್ನು ಕಾಯುವ ದುರವಸ್ಥೆಯು ಅದರಿಂದ ತಪ್ಪಿತು. ಆದರೆ ನಾಲಗೆಯ ಮೇಲಿದ್ದ ಲೆಕ್ಕಕ್ಕೆ ಬೆಲೆಯು ತಪ್ಪಿದುದೂ ಆಗಲೇ. ಪರದೆಯ ಮೇಲೆ ಇರುವುದೇ ಪ್ರಮಾಣವಾದ ಮೇಲೆ, ಪರದೆಯನ್ನು ಓದಲಾರದ ಹಿರಿಯನ ಜ್ಞಾಪಕವು ವ್ಯರ್ಥವಾಯಿತು.

ಪೇಟೆಯ ಚರಿತ್ರೆಯು ಇನ್ನೊಂದು ಪಾಠವನ್ನು ಹೇಳುತ್ತದೆ. ಭಾರತದ ಅನೇಕ ಪೇಟೆಗಳಲ್ಲಿ ಹಿಂದೆ ದಲ್ಲಾಳಿಯೂ ವರ್ತಕನೂ ವಸ್ತ್ರದ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆಯನ್ನು ನಿಶ್ಚಯಿಸುವ ಪದ್ಧತಿಯಿದ್ದಿತು. ೧೯೨೮ರಲ್ಲಿ ವರದಿಯನ್ನೊಪ್ಪಿಸಿದ ಕೃಷಿ ವಿಷಯಕ ರಾಯಲ್ ಕಮಿಷನ್ನು ಪೇಟೆಗಳ ಇಂಥ ದೋಷಗಳನ್ನು ನಿವಾರಿಸಲು ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಸೂಚಿಸಿತು. ಆ ಗುಟ್ಟು ಒಕ್ಕಲಿಗನದಾಗಿರಲಿಲ್ಲ. ಅವನಿಗೆ ವಿರುದ್ಧವಾಗಿ ಇತರರು ಇಟ್ಟುಕೊಂಡುದಾಗಿದ್ದಿತು. ೨೦೧೪ರಲ್ಲಿ ಕರ್ನಾಟಕವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತೆರೆಯಿತು. ಅದರ ಕ್ರಮದಂತೆ ಪ್ರತಿಯೊಂದು ರಾಶಿಗೂ ಒಂದು ಸಂಖ್ಯೆಯನ್ನು ಕೊಟ್ಟು, ವರ್ತಕರು ಒಬ್ಬರಿಗೊಬ್ಬರು ತಿಳಿಯದಂತೆ ಯಂತ್ರದ ಮೂಲಕ ಬೆಲೆಯನ್ನು ನಮೂದಿಸುತ್ತಾರೆ. ಕಾಲಾವಧಿಯು ಮುಗಿದ ಮೇಲೆ ಅಧಿಕವಾದ ಬೆಲೆಯು ಬಹಿರಂಗವಾಗುತ್ತದೆ. ಅದು ಮೊಬೈಲಿಗೂ ಸಂದೇಶವಾಗಿ ಬರುತ್ತದೆ. ಸಮ್ಮತವಲ್ಲದಿದ್ದರೆ ರೈತನು ನಿರಾಕರಿಸಬಹುದು. ಇಲ್ಲಿ ಗುಟ್ಟು ವರ್ತಕರ ನಡುವೆ ಇದೆ, ಫಲವು ಪ್ರಕಾಶದಲ್ಲಿದೆ. ಆದಕಾರಣ ಗೋಪ್ಯವೆಂಬುದು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅದು ಯಾರ ವಶದಲ್ಲಿದೆಯೆಂಬುದೇ ಮುಖ್ಯ. ಸಂದೇಶವನ್ನು ಓದಬಲ್ಲ ರೈತನಿಗೆ ಈ ಏರ್ಪಾಡು ಒಂದು ಆಯುಧ. ಓದಲಾರದವನಿಗೆ ಹಳೆಯ ವಸ್ತ್ರದ ಮರೆಯು ಬೇರೆ ರೂಪದಲ್ಲಿ ಮುಂದುವರಿದಂತೆಯೇ ಸರಿ.

೨೦೨೪ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ ೧೨,೦೦೦ ರೂಪಾಯಿಯ ಬೆಂಬಲ ಬೆಲೆಯು ಗೊತ್ತಾಗಿದ್ದಿತು. ಸರ್ಕಾರದ ಖರೀದಿಗೆ ಮೊದಲು ನಡೆದ ನೋಂದಣಿಯ ವಿಷಯದಲ್ಲಿ ದೂರುಗಳು ಬಂದುದರಿಂದ, ಅದನ್ನು ರದ್ದುಮಾಡಿ ಮತ್ತೊಮ್ಮೆ ನೋಂದಣಿ ನಡೆಯಿಸಬೇಕಾಯಿತು. ಒಂದು ವರ್ಷ ಅಟ್ಟದ ಮೇಲೆ ಕಾದ ಕಾಯಿಯ ಬೆಲೆಯು, ಹೆಸರು ಯಂತ್ರದಲ್ಲಿ ಸಕಾಲಕ್ಕೆ ಸೇರಿತೋ ಇಲ್ಲವೋ ಎಂಬುದನ್ನು ಅವಲಂಬಿಸಿತು. ವಾರ್ತಾಸಾಧನದ ಜ್ಞಾನವು ಈ ಸೀಮೆಯ ವೃದ್ಧರಿಗೆ ಕೇವಲ ವಿನೋದದ ವಿಷಯವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

೬

ಈಗ ಪೂರ್ವದಲ್ಲಿ ಸೂಚಿಸಿದ ಭೇದವನ್ನು ವಿವರಿಸಬಹುದು. ಹಿಂದಿನ ಸಾಧನಗಳೆಲ್ಲವೂ ಅಲಿಪಿಜ್ಞನಿಗೆ ಒಬ್ಬ ವಾಚಕನನ್ನು ಕೊಟ್ಟವು, ಮತ್ತು ನಾಲ್ಕು ಜನರ ಸಮಕ್ಷಮವನ್ನು ಅವನಿಗೆ ರಕ್ಷೆಯಾಗಿ ಕೊಟ್ಟವು. ಈಗಿನ ಸಾಧನವು ಅವೆರಡನ್ನೂ ಕಿತ್ತುಕೊಂಡು, ರಕ್ಷೆಯನ್ನು ಗೋಪ್ಯದಲ್ಲಿ ಇರಿಸಿದೆ. ದೂರದಿಂದ ನಡೆಯುವ ಕಾರ್ಡಿನ ವ್ಯವಹಾರಗಳಿಗೆ ಎರಡನೆಯದೊಂದು ಪರೀಕ್ಷೆಯು ಇರಲೇಬೇಕೆಂದು ರಿಸರ್ವ್ ಬ್ಯಾಂಕು ೨೦೦೯ರಲ್ಲಿ ನಿಯಮಿಸಿತು. ಒಂದೇ ಸಲಕ್ಕೆ ಸಲ್ಲುವ ‘ಒಟಿಪಿ’ ಎಂಬ ಗುಪ್ತಸಂಖ್ಯೆಯು ಈ ಬಗೆಯ ಪರೀಕ್ಷೆಯ ಪ್ರಸಿದ್ಧವಾದ ರೂಪ. ೨೦೧೬ರಲ್ಲಿ ಯುಪಿಐ ಬಂದ ಮೇಲೆ ಹಣವನ್ನು ಕಳುಹಿಸುವುದಕ್ಕೆ ಮತ್ತೊಂದು ಗುಪ್ತಸಂಖ್ಯೆಯು ಬೇಕಾಯಿತು. ಈ ಸಂಖ್ಯೆಯನ್ನು ಯಾರಿಗೂ ಹೇಳಕೂಡದೆಂಬುದು ಮೊದಲ ನಿಯಮ. ಆದರೆ ಸಂದೇಶವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ, ಅಕ್ಷರಗಳು ಸಣ್ಣವು, ಕಾಲಾವಧಿಯು ಕೆಲವು ನಿಮಿಷಗಳು. ಓದಲಾರದ ವೃದ್ಧನು ಏನು ಮಾಡತಕ್ಕದ್ದು? ತಾನು ಜನ್ಮವೆಲ್ಲ ಮಾಡಿದಂತೆಯೇ ಮಾಡುತ್ತಾನೆ: ಹತ್ತಿರವಿದ್ದವನಿಗೆ ಯಂತ್ರವನ್ನು ಕೊಟ್ಟು ಓದಿಸುತ್ತಾನೆ. ಹಿಂದೆ ಯಾವುದು ಅವನನ್ನು ಕಾಪಾಡುತ್ತಿದ್ದಿತೋ, ಅದೇ ಈಗ ಅವನನ್ನು ಅಪಾಯಕ್ಕೆ ಒಡ್ಡುತ್ತದೆ. ಇದು ಮುಪ್ಪಿನ ಮೌಢ್ಯವಲ್ಲ. ಶತಮಾನಗಳ ಕಾಲ ಸರಿಯಾಗಿದ್ದ ಒಂದು ನಡತೆಯು ಹತ್ತು ವರ್ಷಗಳಲ್ಲಿ ತಪ್ಪಾಗಿ ಪರಿಣಮಿಸಿದುದು.

ಹೆಬ್ಬೆಟ್ಟಿನ ಗತಿಯೂ ಹೀಗೆಯೇ ಆಗಿದೆ. ಟಪ್ಪಾಲಿನವನ ಕಾಗದದ ಮೇಲೆ ಒತ್ತಿದ ಹೆಬ್ಬೆಟ್ಟಿಗೆ ಮನುಷ್ಯನು ಸಾಕ್ಷಿಯಾಗಿದ್ದನು. ಆಧಾರಿನ ಯಂತ್ರದ ಮೇಲೆ ಒತ್ತಿದ ಬೆರಳಿಗೆ ಯಂತ್ರವೇ ಸಾಕ್ಷಿ. ನಾಲ್ವತ್ತು ಐವತ್ತು ವರ್ಷ ಮಟ್ಟೆ ಸುಲಿದು, ನಾರು ಎಳೆದು, ಸವೆದುಹೋದ ಬೆರಳುಗಳನ್ನು ಯಂತ್ರವು ಗುರುತಿಸದೆ ಹೋಗುವುದುಂಟು. ದುಡಿದ ಕೈಯೇ ಅಪರಿಚಿತವಾಗುವುದು ಶೋಚನೀಯವಾದ ಸಂಗತಿ. ಈ ಕೊರತೆಯನ್ನು ಕಂಡು, ನಿವೃತ್ತರ ಜೀವಿತ ಪ್ರಮಾಣಪತ್ರಕ್ಕೆ ೨೦೧೪ರಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ಏರ್ಪಾಡಿನಲ್ಲಿ ೨೦೨೧ರಿಂದ ಮುಖವನ್ನು ನೋಡಿ ಗುರುತಿಸುವ ಕ್ರಮವನ್ನೂ ಸೇರಿಸಲಾಯಿತು. ೨೦೨೦ರಿಂದ ಅಂಚೆಯ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅಂಚೆಯವನು ಮನೆಬಾಗಿಲಿಗೇ ಬಂದು ಈ ಪ್ರಮಾಣಪತ್ರವನ್ನು ಮಾಡಿಕೊಡುವ ಅನುಕೂಲವೂ ಉಂಟಾಯಿತು. ಹಳೆಯ ವಾಚಕನು ಹೊಸ ಯಂತ್ರವನ್ನು ಹಿಡಿದು ಮರಳಿ ಬಂದುದು ಸಮಾಧಾನಕರವಾದ ವಿಷಯ.

೭

ವೃದ್ಧರು ಕಲಿಯಲಾರರೆಂದು ಹೇಳುವುದಕ್ಕೆ ಮೊದಲು, ಅವರಿಗೆ ಕಲಿಸುವ ಪ್ರಯತ್ನವು ಎಷ್ಟು ನಡೆದಿದೆಯೆಂಬುದನ್ನು ನೋಡಬೇಕು. ೧೯೪೦ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣದ ಚಳವಳಿಯು ಸಂಘಟಿತವಾಗಿ, ಹೊಸದಾಗಿ ಅಕ್ಷರ ಕಲಿತವರಿಗೆ ‘ಬೆಳಕು’ ಎಂಬ ಪತ್ರಿಕೆಯನ್ನೂ ಹೊರಡಿಸಿತು. ಸ್ವಾತಂತ್ರ್ಯಾನಂತರ ೧೯೭೮ರಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ, ೧೯೮೮ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ನೂ ಬಂದವು. ಇವೆರಡೂ ೧೫ರಿಂದ ೩೫ ವರ್ಷದವರನ್ನು ಉದ್ದೇಶಿಸಿದವು. ದುಡಿಯುವ ವಯಸ್ಸಿನವರು ಮೊದಲು ಎಂಬುದು ಅದರ ತರ್ಕ. ೨೦೦೯ರ ಸಾಕ್ಷರ ಭಾರತ ಕಾರ್ಯಕ್ರಮವು ಅಕ್ಷರದ ಮಟ್ಟಿಗೆ ಮೇಲಿನ ಮಿತಿಯನ್ನು ಬಿಟ್ಟುಕೊಟ್ಟಿತು. ಆದರೆ ೨೦೧೭ರಲ್ಲಿ, ಗ್ರಾಮಾಂತರದ ಜನರಿಗೆ ಗಣಕ ಮೊಬೈಲುಗಳ ಬಳಕೆಯನ್ನು ಕಲಿಸುವುದಕ್ಕೆಂದೇ ಹುಟ್ಟಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು ೧೪ರಿಂದ ೬೦ ವರ್ಷದವರಿಗೆ ಮಾತ್ರ ಪ್ರವೇಶ ಕೊಟ್ಟಿತು. ಮನೆಗೊಬ್ಬರು ಕಲಿತರೆ ಸಾಕೆಂಬುದು ಅದರ ಲೆಕ್ಕ. ೨೦೨೪ರಲ್ಲಿ ಮುಗಿಯುವ ಹೊತ್ತಿಗೆ ಅದರಲ್ಲಿ ಶಿಕ್ಷಣ ಪಡೆದವರು ೬ ಕೋಟಿಗೆ ಮೇಲ್ಪಟ್ಟಿದ್ದರು.

೧೯೪೨ರಲ್ಲಿ ಹುಟ್ಟಿ, ಶಾಲೆಗೆ ಹೋಗದೆ ತೋಟದಲ್ಲಿ ದುಡಿದ ಒಬ್ಬ ಒಕ್ಕಲಿಗನನ್ನಾಗಲಿ ಒಕ್ಕಲಿಗಿತಿಯನ್ನಾಗಲಿ ಉದಾಹರಣೆಯಾಗಿ ಎಣಿಸಿಕೊಳ್ಳಬಹುದು. ೧೯೭೮ರಲ್ಲಿ ವಯಸ್ಸು ೩೬. ಒಂದು ವರ್ಷ ಮೀರಿತು. ೧೯೮೮ರಲ್ಲಿ ೪೬, ಮೀರಿತು. ೨೦೧೭ರಲ್ಲಿ ೭೫, ಮತ್ತೆ ಮೀರಿತು. ಮೂರು ಬಾರಿ ಬಾಗಿಲು ತೆರೆದಾಗಲೂ ಹೊರಗೆ ನಿಂತವರನ್ನು ಕಲಿಯಲೊಲ್ಲದವರೆಂದು ಕರೆಯುವುದು ನ್ಯಾಯವಲ್ಲ. ಮನೆಗೊಬ್ಬರು ಸಾಕೆಂಬ ಲೆಕ್ಕವೂ, ಆ ಒಬ್ಬರು ಬೆಂಗಳೂರಿಗೆ ಹೋಗಿಬಿಟ್ಟ ಮನೆಯಲ್ಲಿ ನಿಲ್ಲುವುದಿಲ್ಲ. ೨೦೨೨ರಲ್ಲಿ ಆರಂಭವಾದ ನವಭಾರತ ಸಾಕ್ಷರತಾ ಕಾರ್ಯಕ್ರಮವು ೧೫ಕ್ಕೆ ಮೇಲ್ಪಟ್ಟ ಎಲ್ಲರನ್ನೂ ಒಳಗೊಂಡು, ಡಿಜಿಟಲ್ ಜ್ಞಾನವನ್ನು ಜೀವನಕೌಶಲಗಳಲ್ಲಿ ಸೇರಿಸಿರುವುದು ಈ ದೋಷಕ್ಕೆ ತಕ್ಕ ಪರಿಹಾರ. ಬಾಗಿಲು ತೆರೆದಿದೆ, ಒಳಗೆ ಕರೆಯುವ ರೀತಿಯನ್ನು ಮಾತ್ರ ನಿಶ್ಚಯಿಸಬೇಕಾಗಿದೆ.

೮

ಆ ರೀತಿಗೆ ಬೇಕಾದ ಮಾದರಿಗಳು ದೇಶದಲ್ಲಿಯೇ ಇವೆ. ಮೊದಲನೆಯದು ವೇದಪಾಠಶಾಲೆಗಳ ಸಂಥೆ. ಗುರುವು ಒಮ್ಮೆ ಹೇಳುವನು, ಶಿಷ್ಯನು ಎರಡಾವರ್ತಿ ಹೇಳುವನು. ಹಿಂದಿನದು ಗಟ್ಟಿಯಾಗದೆ ಮುಂದಿನದು ಬರುವುದಿಲ್ಲ. ಈಗ ಮನೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ವಿಪರೀತವಾದುದು: ಮೊಮ್ಮಗನು ಯಂತ್ರವನ್ನು ಕೈಯಿಂದ ತೆಗೆದುಕೊಂಡು, ತಾನೇ ನಾಲ್ಕು ಕಡೆ ಒತ್ತಿ, ಆಯಿತೆಂದು ಹಿಂದಿರುಗಿಸುತ್ತಾನೆ. ಕೆಲಸವಾಗುತ್ತದೆ, ಪಾಠವಾಗುವುದಿಲ್ಲ. ತೋರಿಸುವವನು ಒಮ್ಮೆ ತೋರಿಸಿ, ವೃದ್ಧರು ತಮ್ಮ ಬೆರಳಿನಿಂದಲೇ ಎರಡಾವರ್ತಿ ಮಾಡಬೇಕು; ದಿನಕ್ಕೆ ಒಂದು ಪಾಠಕ್ಕಿಂತ ಹೆಚ್ಚು ಬೇಡ.

ಎರಡನೆಯದು ಶ್ರವಣದ ಮಾರ್ಗ. ಕಾಯಿಯ ಪಾಕವನ್ನು ಶಬ್ದದಿಂದ ನಿರ್ಣಯಿಸುವ ಜನರಿಗೆ ಕಿವಿಯೇ ಹತ್ತಿರದ ದಾರಿ. ವಾಟ್ಸಪ್ಪಿನಲ್ಲಿ ಧ್ವನಿಯನ್ನೇ ಓಲೆಯಾಗಿ ಕಳುಹಿಸುವ ಅನುಕೂಲವು ೨೦೧೩ರಿಂದ ಇದೆ. ಗುಂಡಿಗಳುಳ್ಳ ಸಾಮಾನ್ಯ ಮೊಬೈಲಿನಿಂದಲೂ, ಕರೆಯ ಮೂಲಕವೇ ಹಣವನ್ನು ಕಳುಹಿಸುವ ‘ಯುಪಿಐ ೧೨೩ಪೇ’ ಎಂಬ ಕ್ರಮವು ೨೦೨೨ರಲ್ಲಿ ಬಂದಿದೆ. ಹಣದ ಪಾಠವನ್ನು ಮೊದಲಿಗೇ ಇಡದೆ, ಮಗಳಿಗೆ ಧ್ವನಿಯ ಓಲೆಯನ್ನು ಕಳುಹಿಸುವುದರಿಂದ ಆರಂಭಿಸುವುದು ಯುಕ್ತವಾದುದು. ತಂತಿಯು ಸಾವಿನ ವರ್ತಮಾನದಿಂದ ಭೀತಿಯನ್ನು ಹುಟ್ಟಿಸಿದಂತೆ, ಪ್ರೀತಿಯ ವರ್ತಮಾನದಿಂದ ಬಂದ ಸಾಧನವು ವಿಶ್ವಾಸವನ್ನು ಹುಟ್ಟಿಸುತ್ತದೆ. ಅದರ ತರುವಾಯ ಧಾರಣೆ, ಅನಂತರ ಪಹಣಿ, ಕಡೆಯಲ್ಲಿ ಹಣ.

ಮೂರನೆಯದು ಸಮಕ್ಷಮ. ಗ್ರಾಮಪಂಚಾಯಿತಿಯ ಗ್ರಂಥಾಲಯಗಳು ಕರ್ನಾಟಕದಲ್ಲಿ ೨೦೧೯ರಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಅರಿವು ಕೇಂದ್ರಗಳೆಂಬ ಹೆಸರಿನಿಂದ ಗಣಕಯಂತ್ರಗಳನ್ನೂ ಪಡೆದುಕೊಂಡಿವೆ. ಶಾಲೆಯ ಮಕ್ಕಳಿಗೆ ಸಲ್ಲುತ್ತಿರುವ ಆ ಕೇಂದ್ರಗಳಲ್ಲಿ ವಾರಕ್ಕೊಂದು ಹೊತ್ತನ್ನು ಹಿರಿಯರಿಗೆ ಮೀಸಲಿಟ್ಟರೆ, ರೇಡಿಯೋವಿನ ಕಟ್ಟೆಯು ಮರಳಿ ದೊರೆತಂತಾಗುತ್ತದೆ. ಒಬ್ಬ ಮುದುಕನು ತನ್ನ ವಯಸ್ಸಿನ ಇನ್ನೊಬ್ಬನಿಂದ ಕಲಿಯುವಷ್ಟು ನಿಸ್ಸಂಕೋಚವಾಗಿ ಮೊಮ್ಮಗನಿಂದ ಕಲಿಯಲಾರನು.

ಆದರೆ ಒಂದು ವಿಷಯವನ್ನು ಮಾತ್ರ ಸಮಕ್ಷಮದಿಂದ ಬೇರ್ಪಡಿಸಿ ಕಲಿಸಬೇಕು; ಅದು ಗುಪ್ತಸಂಖ್ಯೆ. ಹತ್ತು ಅಂಕಿಗಳನ್ನು ಗುರುತಿಸುವುದು ಅಲಿಪಿಜ್ಞನಿಗೂ ಅಸಾಧ್ಯವಲ್ಲ. ಕಾಯಿಗಳನ್ನು ಎಣಿಸಿ ಲೆಕ್ಕವಿಟ್ಟವರಿಗೆ ಅಂಕಿಯು ಹೊಸದಲ್ಲ. ವರ್ಣಮಾಲೆಯನ್ನು ಕಲಿಸುವುದಕ್ಕೆ ಮೊದಲು ಅಂಕಿಗಳನ್ನೇ ಕಲಿಸಿ, ಸಂಖ್ಯೆಯನ್ನು ಸ್ವತಃ ಓದಿ ಸ್ವತಃ ಒತ್ತುವಂತೆ ಮಾಡಿದರೆ, ವಂಚನೆಯ ದೊಡ್ಡದೊಂದು ಬಾಗಿಲು ಮುಚ್ಚಿದಂತಾಗುತ್ತದೆ. ಮೊಬೈಲಿನಲ್ಲಿಯೇ ಬಂಧಿಸಿರುವುದಾಗಿ ಹೆದರಿಸುವ ಕರೆಗಳು ಬಂದರೆ, ಅಂಥ ಬಂಧನವು ಕಾನೂನಿನಲ್ಲಿ ಇಲ್ಲವೆಂಬುದನ್ನೂ, ಹಣವು ಹೋದಲ್ಲಿ ಕೂಡಲೆ ೧೯೩೦ಕ್ಕೆ ಕರೆಮಾಡಬೇಕೆಂಬುದನ್ನೂ, ಹಿರಿಯರ ಸಹಾಯವಾಣಿಯ ಸಂಖ್ಯೆಯು ೧೪೫೬೭ ಎಂಬುದನ್ನೂ ಅದರ ಜೊತೆಗೆ ಬಾಯಿಪಾಠ ಮಾಡಿಸತಕ್ಕದ್ದು.

ಇಷ್ಟರಿಂದ ಫಲಿಸುವ ಸಿದ್ಧಾಂತವು ಇದು. ತೆಂಗಿನ ಸೀಮೆಯ ವೃದ್ಧರು ಕಾರ್ಡನ್ನೂ, ರೇಡಿಯೋವನ್ನೂ, ಎಸ್‌ಟಿಡಿಯನ್ನೂ ತಮ್ಮದಾಗಿ ಮಾಡಿಕೊಂಡರು. ಅವುಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ನಂಬಿಕೆಯ ಮನುಷ್ಯನೂ ಒಂದು ಬಹಿರಂಗ ಸ್ಥಳವೂ ಇದ್ದವು. ಈಗಿನ ಸಾಧನಕ್ಕೆ ಅವೆರಡನ್ನೂ ಕಲ್ಪಿಸಿಕೊಟ್ಟು, ಅದು ಹೊಸದಾಗಿ ಬೇಡುವ ಒಂದೇ ಒಂದು ಗುಟ್ಟನ್ನು ವೃದ್ಧರ ಸ್ವಾಧೀನಕ್ಕೆ ಕೊಟ್ಟರೆ, ಉಳಿದುದನ್ನು ಅವರು ತಾವಾಗಿಯೇ ಕಲಿಯುತ್ತಾರೆ. ಅಲಿಪಿಜ್ಞನನ್ನು ವ್ಯವಹಾರದಿಂದ ಹೊರಗಿಡಕೂಡದೆಂದು ಧರ್ಮಶಾಸ್ತ್ರವು ಒಪ್ಪಿದ ಮರ್ಯಾದೆಯನ್ನು ಈ ಕಾಲವು ಮೀರತಕ್ಕದ್ದಲ್ಲ.